ಅರ್ಧ ಕಳೆ, ಅರ್ಧ ಸೊಪ್ಪು

ನ್ಯೂಜೆರ್ಸಿಯ ನಮ್ಮ ಹಿತ್ತಲಲ್ಲಿ ಓಡಾಟ ಜಾಸ್ತಿ ಇರುವ ಕಡೆಯೆಲ್ಲ ಪ್ಲಾಂಟೇನ್ ಎಂಬ ಗಿಡ ಏಳುತ್ತದೆ. ಇದೇ ಹೆಸರಿನ ಬಾಳೆ ಜಾತಿಯದಲ್ಲ, ನಮ್ಮ ಇಸಬ್‌ಗೋಲಿನ ದಾಯಾದಿ. ಅಗಲದ ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತ ಹರಡುತ್ತವೆ. ನಡುವಿನಿಂದ ಇಲಿಬಾಲದಂಥ ತೆನೆ ಏಳುತ್ತದೆ. ಇಲ್ಲಿಯವರಿಗೆ ಅದು ಬರೀ ಕಳೆ. ನನಗೆ ಅರ್ಧ ಕಳೆ, ಅರ್ಧ ಸೊಪ್ಪು.

ಸೊಪ್ಪಿಗೆಂದೇ ನಲ್ಲಿಯ ಪಕ್ಕ ಒಂದು ಪಾತಿ ಬಿಟ್ಟಿದ್ದೇನೆ. ಒಣಗಿದ ತೆನೆಯನ್ನು ಬೆರಳಲ್ಲಿ ಉಜ್ಜಿ ಬೀಜ ಉದುರಿಸಿದೆ, ಮೇಲೆ ಮಣ್ಣು ಮುಚ್ಚಲಿಲ್ಲ. ಬೆಳಕು ಬಿದ್ದರೆ ಚೆನ್ನಾಗಿ ಮೊಳೆಯುತ್ತದೆ. ಗೊಬ್ಬರದ ಗೊಡವೆ ಇಲ್ಲ. ನೀರು ಮಾತ್ರ ತಪ್ಪಿಸಲ್ಲ, ತಪ್ಪಿದರೆ ಎಲೆ ಬೇಗ ಒರಟಾಗುತ್ತದೆ.

ಕೀಳಬೇಕಾದ್ದು ವಸಂತದ ಎಳೆ ಎಲೆ. ಬಲಿತಿದೆಯೋ ಇಲ್ಲವೋ ನೋಡಲು ತೊಟ್ಟನ್ನು ಮುರಿದು ಮೆಲ್ಲಗೆ ಎಳೆಯುತ್ತೇನೆ. ಗಟ್ಟಿ ನಾರು ಹೊರಬಂದು ನೇತಾಡಿದರೆ ಆ ಎಲೆ ಅಡುಗೆಗೆ ಬೇಡ. ಎಳೆಯದನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಒಂದೆಲಗದ ರುಚಿ ಇದಕ್ಕಿಲ್ಲ, ಸುಮ್ನೆ ಹೊಗಳಲಾರೆ. ಆದರೆ ಬಿಸಿ ಅನ್ನಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಗುರುತು ಖಾತ್ರಿಯಿಲ್ಲದೆ ಕೀಳಬೇಡಿ. 1997ರಲ್ಲಿ ಅಮೆರಿಕದಲ್ಲಿ ಪ್ಲಾಂಟೇನ್ ಎಂದು ಮಾರಿದ ಸರಕಿನಲ್ಲಿ ಡಿಜಿಟಾಲಿಸ್ ಎಂಬ ವಿಷಗಿಡದ ಎಲೆ ಬೆರೆತು, ತಿಂದವರ ಹೃದಯದ ಬಡಿತವೇ ಏರುಪೇರಾಗಿತ್ತು. ಪ್ಲಾಂಟೇನ್ ಎಲೆಯಲ್ಲಿ ದಪ್ಪ ನರಗಳು ಬುಡದಿಂದ ತುದಿಗೆ ಒಂದರ ಪಕ್ಕ ಒಂದು ಸಾಗುತ್ತವೆ. ಡಿಜಿಟಾಲಿಸ್‌ನಲ್ಲಿ ನಡುನರದಿಂದ ಕವಲೊಡೆಯುತ್ತವೆ. ಕಳೆನಾಶಕ ಹೊಡೆದ ಕಡೆ, ನಾಯಿ ಓಡಾಡುವ ಕಡೆ ಕೀಳುವ ಮಾತೇ ಇಲ್ಲ. ರಕ್ತ ತೆಳುವಾಗಿಸಲು ವಾರ್ಫರಿನ್ ತಗೊಳ್ಳುವವರು ಇಂಥ ಸೊಪ್ಪನ್ನು ಹೆಚ್ಚು ತಿನ್ನುವ ಮೊದಲು ಡಾಕ್ಟರನ್ನು ಕೇಳಬೇಕು, ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ.

ನಿಜವಾದ ಕೆಲಸ ಇರುವುದು ಅದನ್ನು ಪಾತಿಯೊಳಗೇ ಇಡುವುದರಲ್ಲಿ. ಒಂದು ದೊಡ್ಡ ಗಿಡ ಸಾವಿರಗಟ್ಟಲೆ ಬೀಜ ಬಿಡುತ್ತದೆ, ಮಣ್ಣಲ್ಲಿ ಅವು ವರ್ಷಗಟ್ಟಲೆ ಬದುಕಿರುತ್ತವೆ. ಒದ್ದೆಯಾದರೆ ಇಸಬ್‌ಗೋಲಿನಂತೆಯೇ ಲೋಳೆ ಬಿಟ್ಟು ಚಪ್ಪಲಿಗೆ ಅಂಟಿಕೊಂಡು ಊರೆಲ್ಲ ಸುತ್ತುತ್ತವೆ. ಹಾಗಾಗಿ ತೆನೆ ಹಸಿರಿದ್ದಾಗಲೇ ಬುಡದಲ್ಲಿ ಕತ್ತರಿಸುತ್ತೇನೆ. ಬೀಜಕ್ಕೆಂದು ಒಂದೆರಡು ಬಿಟ್ಟರೆ ಸಾಕು.

ಹುಲ್ಲುಹಾಸಿನಲ್ಲಿ ಎದ್ದದ್ದನ್ನು ಮಳೆ ಬಂದ ಮರುದಿನ ಕೀಳಬೇಕು. ಬೇರು ಆಳವಿಲ್ಲ, ಆದರೆ ಬುಡದ ಗಡ್ಡೆಭಾಗ ಉಳಿದರೆ ಮತ್ತೆ ಚಿಗುರುತ್ತದೆ, ಮೊಂಡು ಗಿಡ ಅಲ್ವಾ! ಕಿತ್ತರೂ ಮತ್ತೆ ಮತ್ತೆ ಬರುತ್ತಿದ್ದರೆ ನೆಲ ಗಟ್ಟಿಯಾಗಿದೆ ಅಂತಲೇ ಲೆಕ್ಕ. ತುಳಿದು ಬಿಗಿಯಾದ ಮಣ್ಣಲ್ಲಿ ಹುಲ್ಲು ಸೊರಗುತ್ತದೆ, ಇದು ಮಾತ್ರ ಸುಖವಾಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಏರೇಟರ್ ಬಾಡಿಗೆಗೆ ತಂದು ನೆಲಕ್ಕೆ ತೂತು ಹೊಡೆಸುತ್ತೇನೆ, ಹುಲ್ಲಿನ ಬೀಜ ಎರಚುತ್ತೇನೆ, ಹುಲ್ಲು ಕತ್ತರಿಸುವ ಮೋವರನ್ನು 3 ಇಂಚಿಗಿಂತ ಕೆಳಗೆ ಇಳಿಸುವುದಿಲ್ಲ. ಹುಲ್ಲು ದಟ್ಟವಾದ ಕಡೆ ಪ್ಲಾಂಟೇನ್ ಕಡಿಮೆಯಾಗಿದೆ. ಗೇಟಿನ ಬಳಿ, ಕಸದ ಡಬ್ಬಿ ಎಳೆದಾಡುವ ದಾರಿಯಲ್ಲಿ ಇನ್ನೂ ಇದೆ.