ನಮ್ಮೂರ ಕರುವಿನ ಒಂದು ಹನಿಯಿಂದ

ಮಡಕಶಿರಾ ಹತ್ತಿರದ ಅಗಳಿ ನಮ್ಮ ಕಡೆ. ಜಿಲ್ಲೆ ಆಂಧ್ರದ್ದು, ಮನೆಮಾತು ಕನ್ನಡ. ಮಳೆ ಬಿದ್ದ ಮೇಲೆ ಕೊಟ್ಟಿಗೆಯಲ್ಲಿ ರಕ್ತ ಹೀರುವ ಉಣ್ಣೆಹುಳ ಜಾಸ್ತಿ, ಹಿಂದೆಯೇ ಅವು ಹರಡುವ ಥೈಲೇರಿಯಾ ಜ್ವರ. ನಾಟಿ ದನ ಹೇಗೋ ತಡೆದುಕೊಳ್ಳುತ್ತದೆ. ಕ್ರಾಸ್ ಕರುವಿಗೆ ಆಗುವುದಿಲ್ಲ. ನಮ್ಮ ಮನೆಯಲ್ಲೇ ಒಂದು ಸತ್ತಿತ್ತು.

ಈ ಜ್ವರಕ್ಕೆ ಲಸಿಕೆ ಬೆಳೆಸುವ ಲ್ಯಾಬ್ ಸೇರಿದ ಮೇಲೆ ನಾನು ತಂದ ಮೊದಲ ಸ್ಯಾಂಪಲ್ ನಮ್ಮ ಬೀದಿಯ ಕರುವಿನದ್ದು. ಜ್ವರ 105 ಡಿಗ್ರಿ ಫ್ಯಾರನ್‌ಹೀಟ್. ಭುಜದ ಮುಂದಿನ ದುಗ್ಧಗ್ರಂಥಿ ಊದಿ ನಿಂಬೆಹಣ್ಣಿಗಿಂತ ದಪ್ಪವಾಗಿತ್ತು. ಅದರಿಂದ ಸೂಜಿಯಲ್ಲಿ ಒಂದು ಹನಿ ತೆಗೆದು ಗಾಜಿನ ಮೇಲೆ ಹರಡಿ, ಜೀಮ್ಸಾ ಬಣ್ಣ ಹಾಕಿದೆ. ಬಿಳಿ ರಕ್ತಕಣದೊಳಗೆ ನೇರಳೆ ಚುಕ್ಕಿಗಳ ಗುಂಪು. ಅದೇ ಸ್ಕೈಜಾಂಟ್, ಅಂದರೆ ಕಣದೊಳಗೆ ಬೆಳೆಯುತ್ತಿರುವ ಥೈಲೇರಿಯಾ ರೋಗಾಣು. ಕರುವಿಗೆ ಈ ರೋಗದ ಔಷಧಿ ಬುಪಾರ್ವಕೋನ್ ಇಂಜೆಕ್ಷನ್ ಕೊಡಿಸಿದೆವು, ಉಳಿಯಿತು.

ಈ ರೋಗಾಣುವಿನ ಗುಣ ವಿಚಿತ್ರ. ತಾನು ಹೊಕ್ಕ ರಕ್ತಕಣವನ್ನು ಸಾಯಲು ಬಿಡುವುದಿಲ್ಲ. ಕಣ ಎರಡಾದಾಗ ತಾನೂ ಎರಡಾಗಿ ಹಂಚಿಕೊಳ್ಳುತ್ತದೆ, ಥೇಟ್ ಕ್ಯಾನ್ಸರ್ ಹಾಗೆ. ಕರುವನ್ನು ಕೊಲ್ಲುವ ಈ ಗುಣವೇ ಲಸಿಕೆಗೂ ದಾರಿ. ಫ್ಲಾಸ್ಕಿನಲ್ಲಿ ಇಂಥ ಕಣಗಳಿಗೆ ಆಹಾರವಾಗುವ ಆರ್‌ಪಿಎಂಐ ದ್ರವ, ಕರುವಿನ ಸೀರಮ್, 37 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟರೆ ಅವು ಬೆಳೆಯುತ್ತಲೇ ಇರುತ್ತವೆ. ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ತೆಗೆದು ಹೊಸ ಫ್ಲಾಸ್ಕಿಗೆ ಹಾಕಬೇಕು. ಇದಕ್ಕೆ ಪ್ಯಾಸೇಜ್ ಅನ್ನುತ್ತೇವೆ. ನೂರು ಪ್ಯಾಸೇಜಿನ ಆಚೆ ಹೋದಂತೆ ಈ ಕಣಗಳು ಮೈತುಂಬ ಹರಡುವ ಶಕ್ತಿ ಕಳೆದುಕೊಳ್ಳುತ್ತವೆ. ಕರುವಿನ ಮೈ ಮಾತ್ರ ಅವನ್ನು ಗುರುತು ಹಿಡಿದು ಕಾದಾಡಲು ಕಲಿಯುತ್ತದೆ. ನಮ್ಮ ದೇಶದ ರಕ್ಷಾವ್ಯಾಕ್-ಟಿ ಲಸಿಕೆಯೂ ಹೀಗೆ ಪಳಗಿಸಿದ್ದೇ.

ನಲವತ್ತನೇ ಪ್ಯಾಸೇಜಿನಲ್ಲಿ ನನ್ನ ಫ್ಲಾಸ್ಕಿಗೆ ಬೂಸ್ಟು ಹಿಡಿಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಕೆಂಪು ದ್ರವದ ಮೇಲೆ ಬಿಳಿ ಹತ್ತಿಯ ಹಾಗೆ ತೇಲುತ್ತಿತ್ತು. ಹಿಂದಿನದನ್ನು ಫ್ರೀಜ್ ಮಾಡಿಟ್ಟಿರಲಿಲ್ಲ. ತಿಂಗಳುಗಟ್ಟಲೆ ಕೆಲಸ ಹೋಯಿತು, ಅತ್ತುಬಿಟ್ಟೆ. ಮತ್ತೆ ಊರಿಗೆ ಬಂದು ಹೊಸ ಸ್ಯಾಂಪಲ್ ತೆಗೆದೆ. ಆಮೇಲೆ ಪ್ರತಿ ಹತ್ತನೇ ಪ್ಯಾಸೇಜನ್ನೂ ತಪ್ಪದೆ ದ್ರವ ನೈಟ್ರೋಜನ್ನಿಗೆ, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ಗೆ, ಇಳಿಸುತ್ತೇನೆ.

ಲಸಿಕೆ ಹಳ್ಳಿಗೆ ಹೋಗಬೇಕಾದದ್ದೂ ಇದೇ ಚಳಿಯಲ್ಲಿ. ಇದರಲ್ಲಿರುವುದು ಜೀವಂತ ಕಣ, ಮಾಮೂಲಿ ಐಸ್ ಬಾಕ್ಸ್ ಸಾಲದು. ಕರಗಿಸಿದ ಮೇಲೆ ತಡ ಮಾಡದೆ ಚುಚ್ಚಬೇಕು. ಊರಿನವರಿಗೆ ಇದನ್ನು ವಿವರಿಸಲು ನಾನು ಒದ್ದಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಕೇಳಿದರು: "ಹಸುಗೆ ಇಂಜೆಕ್ಷನ್ ಮಾಡಿ ಗಬ್ಬ ಕಟ್ಟಿಸೋಕೆ ಬರ್ತಾರಲ್ಲ, ಹೊಗೆ ಬರೋ ಕ್ಯಾನು, ಅದರಲ್ಲೇ ತರಬಹುದಲ್ವಾ?"

ಹೌದು, ಅಂಥದ್ದೇ ಕ್ಯಾನು.