ಬೈಲುಗದ್ದೆಯ ನೀರು ಬಸಿಯುವ ಮೊದಲು ಮಣ್ಣನ್ನು ಪರೀಕ್ಷಿಸುವ ಕ್ರಮ

ಕರಾವಳಿಯ ಬೈಲುಗದ್ದೆಗಳಲ್ಲಿ ನಾಟಿಯಾದ ಕೆಲವು ವಾರಗಳಿಗೆ ಭತ್ತದ ಕೆಳಗಿನ ಎಲೆಗಳ ತುದಿಯಿಂದ ಸಣ್ಣ ಕಂದು ಚುಕ್ಕೆಗಳು ಹಬ್ಬಿ, ಪೈರು ಕಂಚಿನ ಬಣ್ಣಕ್ಕೆ ತಿರುಗುವುದುಂಟು. ರೋಗವೆಂದು ಔಷಧಿ ಹೊಡೆಯುವ ಮೊದಲು ಮಣ್ಣನ್ನು ನೋಡಬೇಕು. ನೀರು ನಿಂತ ಒಂದೆರಡು ದಿನಗಳಲ್ಲೇ ಮಣ್ಣಿನ ಆಮ್ಲಜನಕ ಮುಗಿಯುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಅದರ ಬದಲು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಕೊನೆಗೆ ಸಲ್ಫೇಟ್ ಎಂಬ ಸರದಿಯನ್ನು ಹೆಚ್ಚುಕಡಿಮೆ ಪಾಲಿಸುತ್ತವೆ. ಕರಗದ ಫೆರಿಕ್ ಕಬ್ಬಿಣವು ಕರಗುವ ಫೆರಸ್ ರೂಪ ತಾಳಿ ಬೇರಿನೊಳಗೆ ಅತಿಯಾಗಿ ಸೇರುತ್ತದೆ. ಗಂಧಕದ ಲವಣವಾದ ಸಲ್ಫೇಟ್, ಬೇರಿಗೆ ವಿಷವಾದ ಸಲ್ಫೈಡ್ ಆಗುತ್ತದೆ. ಮುರಕಲ್ಲಿನ ಗುಡ್ಡದ ಬುಡದಲ್ಲಿ ಒಸರುನೀರೂ ಕಬ್ಬಿಣ ಹೊತ್ತು ತರುವುದರಿಂದ ತೊಂದರೆ ಹೆಚ್ಚು.

ಮೊದಲಿಗೆ ನೀರಿನ ಮೇಲಿನ ಎಣ್ಣೆಯಂಥ ಪೊರೆಯನ್ನು ಕಡ್ಡಿಯಿಂದ ಕೆದಕಿ. ಅದು ಚೂರುಚೂರಾಗಿ ಒಡೆದು ಹಾಗೆಯೇ ಉಳಿದರೆ ಕಬ್ಬಿಣದ ಪೊರೆ; ನಿಜವಾದ ಎಣ್ಣೆ ಮತ್ತೆ ಕೂಡಿಕೊಳ್ಳುತ್ತದೆ. ಅನಂತರ ಒಂದು ಬುಡವನ್ನು ಗೇಣಿನಷ್ಟು ಮಣ್ಣಿನ ಸಮೇತ ಗುದ್ದಲಿಯಿಂದ ಎತ್ತಿ ಕೂಡಲೇ ನೋಡಿ, ಏಕೆಂದರೆ ಗಾಳಿ ತಗುಲಿದರೆ ಬಣ್ಣ ಬದಲಾಗುತ್ತದೆ. ನೀಲಿಬೂದು ಮಣ್ಣಿನಲ್ಲಿ ಬೇರಿನ ಸುತ್ತ ಮಾತ್ರ ಕೇಸರಿ ತುಕ್ಕು ಕಂಡರೆ, ಗಿಡ ಕಾಂಡದ ಮೂಲಕ ಇಳಿಸಿದ ಆಮ್ಲಜನಕವು ಕಬ್ಬಿಣವನ್ನು ಅಲ್ಲೇ ತಡೆಯುತ್ತಿದೆ ಎಂದರ್ಥ. ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಲ್ಫೈಡ್ ಹುಟ್ಟಿದೆ. ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು. ಸಲ್ಫೈಡನ್ನು ಹಿಡಿದಿಡುವಷ್ಟು ಕಬ್ಬಿಣವಿಲ್ಲದ ಮಣ್ಣಿನಲ್ಲಿ ಬೇರಿಗೆ ಅಪಾಯ ಇನ್ನೂ ಹೆಚ್ಚು.

ಕಬ್ಬಿಣ ಹೆಚ್ಚಾಗಿರಲಿ, ಸಲ್ಫೈಡ್ ಹುಟ್ಟಿರಲಿ, ಎರಡೂ ಸಂದರ್ಭಗಳಲ್ಲಿ ತೆಂಡೆಯೊಡೆಯುವ ಹಂತದಲ್ಲಿ ಬದು ಕಡಿದು, ಕೂದಲೆಳೆಯಷ್ಟು ಬಿರುಕು ಮೂಡುವವರೆಗೆ ನೀರು ಬಸಿದು ಮತ್ತೆ ತುಂಬಿಸಬಹುದು. ಗುಡ್ಡದ ಕಡೆಯ ಒಸರನ್ನು ಮೇಲ್ಬದಿಯ ಕಾಲುವೆಯಲ್ಲಿ ತಿರುಗಿಸುವುದು ಇದಕ್ಕಿಂತ ಮುಖ್ಯ. ಹಸಿ ಸೊಪ್ಪು ಸೂಕ್ಷ್ಮಜೀವಿಗಳ ಆಹಾರವಾಗಿ ಈ ಕ್ರಿಯೆಯನ್ನೆಲ್ಲ ಚುರುಕುಗೊಳಿಸುವುದರಿಂದ ಕೊಳೆಸದೆ ಹಾಕಬಾರದು. ಪೊಟ್ಯಾಷ್ ಮತ್ತು ಸುಣ್ಣದ ಕೊರತೆ ನೀಗಿಸಬೇಕು.

ಆದರೆ ಕೇರಳದ ಕುಟ್ಟನಾಡಿನ ಕರಿ ಮಣ್ಣಿನಂತೆ ಅಡಿಯಲ್ಲಿ ಪೈರೈಟ್ (ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ) ಇರುವಲ್ಲಿ ಆಳವಾಗಿ ಬಸಿಯುವುದು ಅನಾಹುತ. ಗಾಳಿ ತಾಗಿದ ಪೈರೈಟ್ ಗಂಧಕಾಮ್ಲವಾಗುತ್ತದೆ. ಮಣ್ಣಿನಲ್ಲಿ ಮಾಸಲು ಹಳದಿ ಕಲೆಗಳು ಕಾಣಿಸುತ್ತವೆ. ಉಪ್ಪುನೀರು ನುಗ್ಗುವ ಗಜನಿಗಳಲ್ಲೂ, ಸಮುದ್ರದ ನೀರು ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ತಂದು ಪೈರೈಟ್ ಹುಟ್ಟಲು ಎಡೆಮಾಡುವುದರಿಂದ, ಈ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು: ಅಡಿಮಣ್ಣನ್ನು ಸುಮಾರು 1 ಸೆಂ.ಮೀ. ದಪ್ಪಕ್ಕೆ ತಟ್ಟೆಯಲ್ಲಿ ಹರಡಿ, ಒಣಗಗೊಡದೆ 8 ವಾರ ಗಾಳಿಗಿಟ್ಟು, ಮೊದಲೂ ಕೊನೆಗೂ ಪಿಹೆಚ್ (ಹುಳಿಯ ಅಳತೆ; ಇದು ಇಳಿದಷ್ಟೂ ಹುಳಿ ಹೆಚ್ಚು) ಅಳೆಯಿರಿ. ಅದು 4ಕ್ಕಿಂತ ಕೆಳಗೆ ಕುಸಿದರೆ ನೀರಿನ ಮಟ್ಟವನ್ನು ಆ ಪದರದ ಮೇಲೆಯೇ ಉಳಿಸಿ; ಬೇಸಿಗೆಯಲ್ಲಿ ಒಣಗಿಹೋಗಿದ್ದರೆ ಮೊದಲ ಮಳೆಯ ಹುಳಿನೀರನ್ನು ಹೊರಹಾಕಿದ ಬಳಿಕವಷ್ಟೇ ನಾಟಿ ಮಾಡಿ.