ಬುಲೆಟ್ ಜರ್ನಲ್‌ಗೆ ಪುಸ್ತಕ ಕೊಳ್ಳುವ ಮುಂಚೆ ‘ಕ್ಯಾತ್ಸಂದ್ರ’ ಎಂದು ಬರೆದು ನೋಡಿ

ನಾನು ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವಳು. ಸುಮಾರು 70 ಕಿಲೋಮೀಟರ್ ದಾರಿ. ಸೀಟು ಸಿಕ್ಕ ದಿನ ತೊಡೆ ಮೇಲೆ, ಸಿಗದ ದಿನ ಅಂಗೈ ಮೇಲೆ ಪುಸ್ತಕ ಇಟ್ಟುಕೊಂಡು ಅವತ್ತಿನ ಕೆಲಸಗಳನ್ನು ಬರೆದುಕೊಳ್ಳುತ್ತೇನೆ. ಇದಕ್ಕೆಂದು ಮೊದಲು ಕೊಂಡದ್ದು ಎ4 ಅಳತೆಯ ದಪ್ಪ ಪುಸ್ತಕ. ನೋಡಲು ತುಂಬ ಚೆಂದ. ಆದರೆ ಊಟದ ಡಬ್ಬಿ, ನೀರಿನ ಬಾಟಲಿ ಜೊತೆ ಬ್ಯಾಗಿನಲ್ಲಿ ಹಿಡಿಸಲಿಲ್ಲ. ಹನ್ನೊಂದು ಪುಟ ಬರೆದ ಮೇಲೆ ಅದು ಮನೆಯಲ್ಲೇ ಉಳಿಯಿತು.

ಕೆಲಸ, ಕಾರ್ಯಕ್ರಮ, ಟಿಪ್ಪಣಿಗಳನ್ನು ಸಣ್ಣ ಗುರುತು ಹಾಕಿ ಪುಸ್ತಕದಲ್ಲಿ ಚುಟುಕಾಗಿ ಬರೆದುಕೊಳ್ಳುವ ಈ ಬುಲೆಟ್ ಜರ್ನಲ್ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ರೈಡರ್ ಕ್ಯಾರೊಲ್. 2013ರಲ್ಲಿ ಅದನ್ನು ಎಲ್ಲರ ಮುಂದಿಟ್ಟರು. ಮಾಡಬೇಕಾದ ಕೆಲಸಕ್ಕೆ ಒಂದು ಚುಕ್ಕೆ, ಕಾರ್ಯಕ್ರಮಕ್ಕೆ ಸೊನ್ನೆ, ಟಿಪ್ಪಣಿಗೆ ಸಣ್ಣ ಅಡ್ಡಗೆರೆ. ಕೆಲಸ ಮುಗಿದರೆ ಚುಕ್ಕೆಯ ಮೇಲೆ ಇಂಟು ಗುರುತು. ಇದರಲ್ಲಿ ಅಚ್ಚಾದ ತಾರೀಕು ಇರುವುದಿಲ್ಲ, ಎಲ್ಲ ಪುಟವನ್ನೂ ನಾವೇ ಹಾಕಿಕೊಳ್ಳಬೇಕು. ಹಾಗಾಗಿ ಡೈರಿ ಸರಿಹೋಗಲ್ಲ, ಒಳ್ಳೆಯ ಖಾಲಿ ಪುಸ್ತಕವೇ ಬೇಕು.

ಮೊದಲು ಬ್ಯಾಗ್ ನೋಡಿ

ಅಂಗಡಿಗೆ ಹೋಗುವಾಗ ದಿನಾ ಒಯ್ಯುವ ಬ್ಯಾಗನ್ನೇ ತೆಗೆದುಕೊಂಡು ಹೋಗಿ. ಹೆಚ್ಚಿನವರಿಗೆ ಎ5 ಸಾಕು. 148 ಮಿಲಿಮೀಟರ್ ಅಗಲ, 210 ಉದ್ದ, ಅಂದರೆ ಎ4 ಹಾಳೆಯನ್ನು ಮಧ್ಯಕ್ಕೆ ಮಡಚಿದಷ್ಟು. ನಿಂತು ಬರೆಯುವವರಾದರೆ ಗಟ್ಟಿ ರಟ್ಟು ಬೇಕೇ ಬೇಕು. ಮೇಜಿನ ಮೇಲೆ ಮಾತ್ರ ಬರೆಯುವವರಿಗೆ ಇದು ದೊಡ್ಡ ವಿಷಯವಲ್ಲ.

ಗೆರೆಯೋ, ಚುಕ್ಕೆಯೋ?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬುಲೆಟ್ ಜರ್ನಲ್ ಬರೆಯುವವರಲ್ಲಿ ಬಹಳ ಜನ ಚುಕ್ಕೆ ಪುಟ ಇಷ್ಟಪಡುತ್ತಾರೆ. ಚುಕ್ಕೆಗಳ ನಡುವೆ ಸಾಮಾನ್ಯವಾಗಿ 5 ಮಿಲಿಮೀಟರ್ ಅಂತರ. ರಂಗೋಲಿ ಚುಕ್ಕೆಯ ಹಾಗೆ, ಯಾವ ಕಡೆಗಾದರೂ ಗೆರೆ ಎಳೆಯಬಹುದು. ಆದರೆ ಆ ಅಳತೆ ಇಂಗ್ಲಿಷ್ ಅಕ್ಷರಕ್ಕೆ ಸರಿ. ನಮ್ಮ ಅಕ್ಷರಕ್ಕೆ ಒತ್ತು ಇದೆ ಅಲ್ವಾ? ಅದು ಕೆಳಗೆ ಇಳಿದು ಮುಂದಿನ ಸಾಲಿಗೆ ತಾಗುತ್ತದೆ.

ಅದಕ್ಕೇ ನಾನು ‘ಕ್ಯಾತ್ಸಂದ್ರ’ ಎಂದು ಬರೆದು ನೋಡುತ್ತೇನೆ. ತಟ್ಟೆ ಇಡ್ಲಿಯ ಆ ಊರಿನ ಹೆಸರಲ್ಲಿ ಯ ಒತ್ತು, ಸ ಒತ್ತು, ರ ಒತ್ತು ಮೂರೂ ಇವೆ. ಅದರ ಕೆಳಗಿನ ಸಾಲಿನಲ್ಲಿ ‘ಸಿದ್ಧಗಂಗಾ’ ಎಂದು ಬರೆಯಿರಿ. ಮೇಲಿನ ಒತ್ತು ಕೆಳಗಿನ ಗುಡಿಸಿಗೆ, ತಲೆಕಟ್ಟಿಗೆ ಮುಟ್ಟಿದರೆ ಆ ಅಂತರ ನಿಮ್ಮ ಕೈಬರಹಕ್ಕೆ ಸಾಲದು. ಆಗ ಎರಡು ದಾರಿ. ಒಂದು ಸಾಲು ಬಿಟ್ಟು ಒಂದರಲ್ಲಿ ಬರೆಯಬೇಕು, ಇಲ್ಲವೇ 7 ಮಿಲಿಮೀಟರ್ ಅಂತರದ ಪುಸ್ತಕ ಹುಡುಕಬೇಕು. ನಾನು ಸಾಲು ಬಿಟ್ಟು ಬರೆಯುತ್ತೇನೆ. ಎ5 ಚುಕ್ಕೆ ಪುಟದಲ್ಲಿ ಮೇಲಿನಿಂದ ಕೆಳಗೆ ಸುಮಾರು 42 ಮನೆ ಬರುತ್ತವೆ. ಹಾಗೆ ಬರೆದರೂ 20 ಸಾಲು ಸಿಗುತ್ತದೆ, ಒಂದು ದಿನಕ್ಕೆ ಧಾರಾಳ.

ಇನ್ನೊಂದು ಲೆಕ್ಕ. ತಿಂಗಳ ಪಟ್ಟಿ ಹಾಕಲು ಪುಟದಲ್ಲಿ 31 ಸಾಲು ಬೇಕು. ಗೆರೆ ಪುಸ್ತಕ ಕೊಳ್ಳುವುದಾದರೆ ಅಲ್ಲೇ ನಿಂತು ಸಾಲು ಎಣಿಸಿ. 8 ಮಿಲಿಮೀಟರ್ ಗೆರೆಯ ಎ5 ಪುಸ್ತಕದಲ್ಲಿ ಅಷ್ಟು ಸಾಲು ಬರುವುದೇ ಇಲ್ಲ. ಚುಕ್ಕೆ ಪುಸ್ತಕ ದುಬಾರಿ ಎನಿಸಿದರೆ ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕವೂ ನಡೆಯುತ್ತದೆ. ಮೊದಲ ಸಲ ಶುರು ಮಾಡುವವರಿಗೆ ನಾನು ಹೇಳುವುದೂ ಅದನ್ನೇ.

ಕಾಗದ

ಹಿಂದಿನ ರಟ್ಟಿನ ಮೇಲೆ ಜಿಎಸ್‌ಎಂ ಎಂದು ಬರೆದಿರುತ್ತದೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು ಅದರ ಅರ್ಥ. ಶಾಲೆಯ ನೋಟ್‌ಬುಕ್‌ಗಳಲ್ಲಿ 60ಕ್ಕಿಂತ ಕಡಿಮೆಯೂ ಇರುತ್ತದೆ. ಬಾಲ್ ಪೆನ್ನಿಗೆ ಅದು ಸಾಕು. ಜೆಲ್ ಪೆನ್ನಿಗೆ 80, ಶಾಯಿ ಪೆನ್ನು, ಬಣ್ಣದ ಬ್ರಷ್ ಪೆನ್ನಿಗೆ 100 ಅಥವಾ ಅದಕ್ಕಿಂತ ಜಾಸ್ತಿ ನೋಡಿ. ಸುಮ್ನೆ 160ರದು ಕೊಳ್ಳಬೇಡಿ. 200 ಪುಟದ ಎ5 ಪುಸ್ತಕದಲ್ಲಿ 80ರ ಕಾಗದ ಕಾಲು ಕಿಲೋ ತೂಗಿದರೆ 160ರದು ಅರ್ಧ ಕಿಲೋ. ಭುಜಕ್ಕೆ ಗೊತ್ತಾಗುತ್ತದೆ.

ಆದರೆ ಈ ಸಂಖ್ಯೆಯೊಂದನ್ನೇ ನಂಬಬೇಡಿ. ಬಟ್ಟೆಗೆ ಗಂಜಿ ಹಾಕುವಂತೆ ಕಾಗದಕ್ಕೂ ಗಂಜಿಯಂಥ ಲೇಪ ಹಾಕುತ್ತಾರೆ. ಅದು ಸರಿಯಿಲ್ಲದಿದ್ದರೆ ದಪ್ಪ ಕಾಗದದಲ್ಲೂ ಶಾಯಿ ಬೇರು ಬಿಟ್ಟ ಹಾಗೆ ಹರಡುತ್ತದೆ. ನಿಮ್ಮದೇ ಪೆನ್ನು ಒಯ್ಯಿರಿ. ಅಂಗಡಿಯವರನ್ನು ಕೇಳಿ, ಸ್ಯಾಂಪಲ್ ಪುಟದಲ್ಲಿ ಬರೆಯಿರಿ. ಐದು ಎಣಿಸಿ ಬೆರಳಿನಿಂದ ಸವರಿ, ಆಮೇಲೆ ಹಾಳೆ ತಿರುಗಿಸಿ. ಹಿಂದೆ ಮಸುಕು ನೆರಳು ಕಂಡರೆ ಪರವಾಗಿಲ್ಲ. ಶಾಯಿಯೇ ತೂರಿ ಬಂದಿದ್ದರೆ ಬೇಡ. ಬರೆಯಲು ಬಿಡದಿದ್ದರೆ ಅದೇ ಕಾಗದದ ಚಿಕ್ಕ ಪುಸ್ತಕವೊಂದನ್ನು ಕೊಂಡು ಮನೆಯಲ್ಲಿ ನೋಡಿ.

ಹೊಲಿಗೆ, ಪುಟ

ಪುಸ್ತಕವನ್ನು ನಡುವೆ ಬಿಡಿಸಿ ಮೇಜಿನ ಮೇಲಿಡಿ. ಕೈ ತೆಗೆದರೂ ಬಿಡಿಸಿಕೊಂಡೇ ಇರಬೇಕು. ದಾರದ ಹೊಲಿಗೆ ಇದ್ದರೆ ಹಾಗಿರುತ್ತದೆ. ಬರೀ ಗೋಂದು ಹಾಕಿದ್ದು ನನಗೆ ಮೂರೇ ತಿಂಗಳಲ್ಲಿ ಬಿಡಿ ಹಾಳೆಯಾಯಿತು. ಸುರುಳಿ ತಂತಿಯದು ಮಡಚಲು ಸುಲಭ, ಆದರೆ ನೂಕುನುಗ್ಗಲಿನಲ್ಲಿ ತಂತಿ ಸೊಟ್ಟಗಾಗುತ್ತದೆ.

ದಿನಕ್ಕೆ ಅರ್ಧ ಪುಟ, ತಿಂಗಳ ಪಟ್ಟಿಗೆ 2 ಪುಟ ಎಂದರೆ ತಿಂಗಳಿಗೆ 17 ಪುಟ. ಪರಿವಿಡಿಗೆ 4, ಮುಂದಿನ ತಿಂಗಳುಗಳ ಯೋಜನೆಗೆ 4 ಬಿಟ್ಟರೆ 96 ಪುಟದ ಪುಸ್ತಕ ಐದು ತಿಂಗಳು ಬರುತ್ತದೆ. 192ರದು ಹೆಚ್ಚುಕಡಿಮೆ ಹನ್ನೊಂದು ತಿಂಗಳು. ಮೊದಲನೆಯದು 96ರದೇ ಇರಲಿ. ಐದು ತಿಂಗಳಲ್ಲಿ ನಿಮಗೆ ಏನು ಬೇಕು, ಏನು ಬೇಡ ಎಂದು ಗೊತ್ತಾಗುತ್ತದೆ.

ಮನೆಗೆ ತಂದ ದಿನವೇ ಕೂತು ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ. ಅರ್ಧ ಗಂಟೆಯ ಕೆಲಸ. ಮೊದಲ ನಾಲ್ಕು ಪುಟದ ತಲೆಯಲ್ಲಿ ‘ಪರಿವಿಡಿ’ ಎಂದು ಬರೆದು, ಒಂಬತ್ತನೇ ಪುಟದಲ್ಲಿ ಈ ತಿಂಗಳ ಹೆಸರು ಬರೆಯಿರಿ.